ಕುರಿ ಮೈ ಮೇಲಿನ ಉಣ್ಣೆ ಹುಳದಿಂದ ಮಂಗನ ಕಾಯಿಲೆ ಬರುತ್ತಾ? ಊರಲ್ಲಿ ಕುರಿ ಮಾರಿಬಿಡು ಅಂತಿದಾರೆ

ರೊಪ್ಪದ_ಹುಡುಗ
ಎಲ್ರಿಗೂ ನಮಸ್ಕಾರ. ನಮ್ದು ಹೊಸದುರ್ಗ ಕಡೆ ಹಳ್ಳಿ, ಅರವತ್ತು ಕುರಿ ಅವೆ, ಅದೇ ನಮ್ ಜೀವನ. ನಮ್ ಭಾವ ಅಡಿಕೆ ಕೊಯ್ಲಿಗೆ ಅಂತ ಸಾಗರದ ಕಡೆ ಹೋಗಿದ್ರು, ಸಂಕ್ರಾಂತಿಗೆ ವಾಪಸ್ ಬಂದು ನಮ್ಮನೇಲೇ ಇದಾರೆ, ಈಗ ಎರಡು ದಿನದಿಂದ ಮೈ ಸುಡೋ ಜ್ವರ, ಹಣೆ ಒಡೆದು ಹೋಗ್ತೈತೆ ಅಂತಾರೆ, ಕಣ್ಣು ಬಿಡಕ್ಕೂ ಆಗ್ತಿಲ್ಲ. ಇಲ್ಲೇ ಒಂದು ಕಡೆ ಸೂಜಿ ಹಾಕಿಸ್ಕಂಡು ಬಂದ್ವಿ, ಏನ್ ಜ್ವರ ಅಂತ ಹೇಳ್ಲಿಲ್ಲ. ಅಷ್ಟರಲ್ಲಿ ಊರೆಲ್ಲಾ ಸುದ್ದಿ, ಇದು ಮಂಗನ ಕಾಯಿಲೆ, ಅದು ಬರೋದೇ ಉಣ್ಣೆ ಹುಳದಿಂದ, ಇವರ ಕುರಿ ಮೈತುಂಬಾ ಉಣ್ಣೆ ಅವೆ, ಊರಿಗೆಲ್ಲಾ ಹಬ್ಬಿಸ್ತಾರೆ ಅಂತ. ನಿನ್ನೆ ವ್ಯಾಪಾರದವರೊಬ್ರು ಬಂದು ಅರ್ಧ ರೇಟಿಗೆ ಕೇಳಿದ್ರು, ಅಪ್ಪ ಹೂಂ ಅನ್ನೋ ಹಂಗಾಗಿದಾರೆ. ಅಪ್ಪ ದಿನಾ ಸಂಜೆ ರೊಪ್ಪದಲ್ಲಿ ಕೂತು ಕುರಿ ಕಿವಿ ಒಳಗಿಂದ ಉಣ್ಣೆ ಕಿತ್ತು ಹೆಬ್ಬೆರಳ ಉಗುರಲ್ಲಿ ಒತ್ತಿ ಸಾಯಿಸ್ತಾರೆ, ಚಿಕ್ಕಂದಿಂದ ನೋಡ್ತಾ ಬಂದಿದೀನಿ. ಗೊತ್ತಿರೋರು ನಿಜ ಹೇಳ್ರಿ, ಕುರಿ ಮಾರ್ಬೇಕಾ?

ಪಶು_ಇಲಾಖೆ_ನಿವೃತ್ತ
ತಮ್ಮಾ, ಮೊದ್ಲು ಭಾವನ್ನ ಜಿಲ್ಲಾಸ್ಪತ್ರೆಗೆ ಕರ್ಕಂಡ್ ಹೋಗು, ಇವತ್ತೇ. ಮಲೆನಾಡಿಗೆ ಹೋಗಿ ಬಂದಿದಾರೆ ಅನ್ನೋದನ್ನ ಮರೀದೆ ಹೇಳು, ಅದನ್ನ ಹೇಳ್ದೆ ಇದ್ರೆ ಯಾವ ಟೆಸ್ಟ್ ಬರೀಬೇಕು ಅಂತ ಅವ್ರಿಗೂ ಗೊತ್ತಾಗಲ್ಲ.

ಇನ್ನು ಕುರಿ ವಿಷಯ. ಮಾರ್ಬೇಡ. ಉಣ್ಣೆ ಅಂದ್ರೆ ಒಂದೇ ಜಾತಿ ಅಲ್ಲ, ನೂರಾರು ಜಾತಿ ಅವೆ, ಯಾವ ಜಾತಿ ಯಾವ ರೋಗ ಹೊರುತ್ತೆ ಅನ್ನೋದು ಬೇರೆ ಬೇರೆ. ಮಂಗನ ಕಾಯಿಲೆ ಮುಖ್ಯವಾಗಿ ಹರಡೋದು ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಕಾಡಿನ ಉಣ್ಣೆ, ಮಲೆನಾಡಿನವರು ಉಣುಗು ಅಂತಾರಲ್ಲ ಅದು. ಅದಕ್ಕೆ ತೇವ ಇರೋ ಕಾಡು, ಕೆಳಗೆ ಕೊಳೆಯೋ ಎಲೆ ಬೇಕು. ನಮ್ ಬಯಲುಸೀಮೆ ಜಾಲಿ ಗಿಡದ ಕೆಳಗೆ ಮೇಯೋ ಕುರಿ ಕಿವೀಲಿರೋದು ಬೇರೆ.

ಆದ್ರೆ ಅಪ್ಪಾವರು ಉಗುರಲ್ಲಿ ಒತ್ತೋದನ್ನ ಇವತ್ತಿಂದಾನೇ ನಿಲ್ಲಿಸ್ಲಿ, ಇದು ಮಾತ್ರ ಕೈ ಮುಗಿದು ಹೇಳ್ತೀನಿ. 2011ರಲ್ಲಿ ಗುಜರಾತಿನಲ್ಲಿ ಕ್ರಿಮಿಯನ್ ಕಾಂಗೋ ಜ್ವರ ಅಂತ ಬಂತು, ಅದನ್ನ ಹೊರೋದು ಹಯಲೋಮಾ ಅನ್ನೋ ಉಣ್ಣೆ, ಅದು ದನ ಕುರಿ ಮೇಲೇ ಇರುತ್ತೆ, ಕುರಿಗೆ ಏನೂ ಆಗಲ್ಲ, ಮನುಷ್ಯನ ಪ್ರಾಣಕ್ಕೇ ಬರುತ್ತೆ. ಉಣ್ಣೆ ಹಿಸುಕಿದಾಗ ಸಿಡಿಯೋ ರಕ್ತ ಕೈಯಲ್ಲಿರೋ ಸಣ್ಣ ಗಾಯಕ್ಕೆ ತಗುಲಿದ್ರೂ ಸಾಕು. ಕೈಗೆ ಗ್ಲೌಸ್ ಹಾಕಿ ಚಿಮುಟದಲ್ಲಿ ಚರ್ಮದ ಹತ್ರಾನೇ ಹಿಡಿದು ನೆಟ್ಟಗೆ ಎಳೀಬೇಕು, ಸೋಪಿನ ನೀರಿನ ಡಬ್ಬಿಗೆ ಹಾಕ್ಬೇಕು. ಬೀಡಿ ತಾಗಿಸೋದು, ಸೀಮೆಎಣ್ಣೆ ಹಚ್ಚೋದು ಬೇಡ. ರೊಪ್ಪಕ್ಕೆ ಔಷಧಿ ಹೊಡೆಯೋಕೆ ಪಶು ಆಸ್ಪತ್ರೇಲಿ ಕೇಳ್ರಿ.

ಝೂಆಲಜಿ_ದಾವಣಗೆರೆ
ಸರ್ ಹೇಳಿದ್ದು ಸರಿ. ನಾನು ಎಂಎಸ್ಸಿ ಮಾಡ್ತಿದೀನಿ, ಹೋದ ವರ್ಷ ಸೀನಿಯರ್ಸ್ ಜೊತೆ ಶಿವಮೊಗ್ಗ ಕಡೆ ಕಾಡಿಗೆ ಉಣುಗು ಹಿಡಿಯೋಕೆ ಹೋಗಿದ್ದೆ. ಒಂದು ಬಿಳೀ ಫ್ಲಾನೆಲ್ ಬಟ್ಟೆಗೆ ಕೋಲು ಕಟ್ಟಿ ನೆಲದ ಮೇಲೆ ಮೆಲ್ಲಗೆ ಎಳ್ಕೊಂಡ್ ಹೋಗ್ಬೇಕು, ಹತ್ತು ಹೆಜ್ಜೆಗೊಂದ್ಸಲ ತಿರುಗಿಸಿ ನೋಡ್ಬೇಕು. ಮೊದ್ಲು ನಂಗೆ ಏನೂ ಕಾಣಿಸ್ಲಿಲ್ಲ, ಧೂಳು ಅನ್ಕೊಂಡೆ, ಆಮೇಲೆ ನೋಡಿದ್ರೆ ಆ ಧೂಳು ನಡೀತಿತ್ತು. ಸಾಸಿವೆಗಿಂತ ಸಣ್ಣದು, ಮರಿ ಉಣುಗು. ಮನುಷ್ಯರಿಗೆ ಜಾಸ್ತಿ ಕಚ್ಚೋದು ಅದೇ ಹಂತದಲ್ಲಿ, ಅದಕ್ಕೇ ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಾಗಲ್ಲ. ಡಿಸೆಂಬರಿಂದ ಮೇ ತನಕ ಅವುಗಳ ಕಾಲ, ಅಡಿಕೆ ಕೊಯ್ಲು, ಸೌದೆ, ದರಗು ಅಂದ್ರೆ ಒಣಗಿದ ಎಲೆ ಗುಡಿಸೋದು ಎಲ್ಲಾ ಅದೇ ಟೈಮಿಗೆ ಬರುತ್ತೆ.

ಈ ರೋಗ ಮೊದ್ಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಮಂಗಗಳು ಸಾಲಾಗಿ ಸಾಯ್ತಿದ್ವು, ಸುತ್ತಲ ಹಳ್ಳೀಲಿ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದ್ರು. ಸತ್ತ ಮಂಗನ ಮೈಯಿಂದ ಉಣುಗು ಉದುರಿ ಸುತ್ತಮುತ್ತ ಹರಡ್ತಾವೆ, ಅದಕ್ಕೇ ಮಂಗ ಸತ್ತಿದ್ದು ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ ಅನ್ನೋದು. ಮುಖ್ಯ ವಿಷ್ಯ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ, ಭಾವ ಬಂದ್ರು ಅಂತ ಊರಿಗೆ ಹಬ್ಬಲ್ಲ, ಇದನ್ನ ಊರವರಿಗೆ ಗಟ್ಟಿಯಾಗಿ ಹೇಳಿ.

ಒಂದು ಪ್ರಶ್ನೆ. ಅವ್ರು ಸಾಗರದಿಂದ ಬಂದು ಎಷ್ಟು ದಿನ ಆಯ್ತು, ಜ್ವರ ಯಾವತ್ತು ಶುರುವಾಯ್ತು?

ರೊಪ್ಪದ_ಹುಡುಗ
ಹಬ್ಬದ ಹಿಂದಿನ ದಿನ ಬಂದ್ರು. ಇವತ್ತಿಗೆ ಹದಿನೈದು ದಿನ. ಜ್ವರ ಮೊನ್ನೆಯಿಂದ. ಆಮೇಲೆ ಎಲ್ಲೂ ಹೋಗಿಲ್ಲ.

ಝೂಆಲಜಿ_ದಾವಣಗೆರೆ
ಹಂಗಾದ್ರೆ ಮಂಗನ ಕಾಯಿಲೆ ಆಗಿರೋದು ಕಮ್ಮಿ ಅನ್ಸುತ್ತೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಸಾಮಾನ್ಯವಾಗಿ ಜ್ವರ ಬರುತ್ತೆ, ಇಲ್ಲಿ ಹದಿಮೂರು ದಿನ ಆಗಿದೆ. ಆದ್ರೂ ಟೆಸ್ಟ್ ಬಿಡ್ಬೇಡಿ. ನಿಮ್ಮನೇಲಿದ್ದಾಗಲೇ ಏನೋ ಕಚ್ಚಿರ್ಬೇಕು ಅಂತ ನಂಗೆ ಅನುಮಾನ.

ಆಶಾ_ಅಕ್ಕ
ನಾನು ದಾವಣಗೆರೇಲಿ ಮನೆಮನೆಗೆ ಹೋಗಿ ನೀರಲ್ಲಿ ಸೊಳ್ಳೆ ಲಾರ್ವಾ, ಅಂದ್ರೆ ಮರಿಹುಳ, ನೋಡೋಳು. ನಂಗೆ ಇದು ಡೆಂಗಿ ಇರ್ಬೋದು ಅನ್ಸುತ್ತೆ. ತಮ್ಮಾ, ನಿಮ್ಮೂರಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ? ವಾರಕ್ಕೊಂದ್ಸಲ ಆದ್ರೆ ಮನೇಲಿ ಡ್ರಮ್ಮು ತೊಟ್ಟಿ ತುಂಬಿಟ್ಟಿರ್ತೀರ. ಡೆಂಗಿ ಸೊಳ್ಳೆಗೆ ಮಳೆಗಾಲಾನೇ ಬೇಕು ಅಂತಿಲ್ಲ, ನಾವು ತುಂಬಿಟ್ಟ ಒಳ್ಳೇ ನೀರೇ ಸಾಕು. ಟಾರ್ಚ್ ಬಿಟ್ಟು ನೋಡು, ನೀರು ಅಲುಗಾಡಿದ್ರೆ ಸಣ್ಣ ಹುಳ ಕುಣೀತಾ ತಳಕ್ಕೆ ಓಡ್ತಾವೆ. ನೀರು ಚೆಲ್ಲಿದ್ರೆ ಸಾಲ್ದು, ಮೊಟ್ಟೆ ನೀರಿನ ಗೆರೆ ಮೇಲೆ ಡ್ರಮ್ಮಿನ ಗೋಡೆಗೆ ಅಂಟಿರ್ತಾವೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ತುಂಬಿದ ದಿನ ಮರಿ ಆಗ್ತಾವೆ. ತೆಂಗಿನ ನಾರಲ್ಲಿ ಗಸಗಸ ತಿಕ್ಕಬೇಕು, ವಾರಕ್ಕೊಂದ್ಸಲ. ತೊಳೆಯಕ್ಕೆ ಆಗ್ದೇ ಇರೋ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡ್ರಿ. ಕೋಲಾರದ ಹಳ್ಳಿಗಳಲ್ಲಿ ಬಾವಿಗೆ ಈ ಥರ ಮೀನು ಬಿಟ್ಟು ಮಲೇರಿಯಾ ಸೊಳ್ಳೆ ಕಮ್ಮಿ ಮಾಡಿದಾರೆ.

ಈ ಸೊಳ್ಳೆ ಕಚ್ಚೋದು ಹಗಲೊತ್ತು, ಅದಕ್ಕೆ ಹಗಲು ಮಲಗಿರೋ ಭಾವಂಗೂ ಪರದೆ ಕಟ್ಟಿ. ಅವರನ್ನ ಕಚ್ಚಿದ ಸೊಳ್ಳೆ ಎಂಟು ಹತ್ತು ದಿನ ಬಿಟ್ಟು ನಿಮ್ಮಪ್ಪಂಗೆ ಕಚ್ಚಿದ್ರೆ ಅವ್ರಿಗೂ ಬರುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಮೈಕೈ ನೋವಿಂದು ಅಂತ ಬೇರೆ ಮಾತ್ರೆ, ಸೂಜಿ ಕೊಡಿಸ್ಬೇಡ, ರಕ್ತ ಸೋರೋ ಭಯ ಐತೆ. ನಮ್ ಓಣೀಲಿ ಒಂದು ಮಗು ಹಂಗೇ ಕೈ ಮೀರಿ ಹೋಗಿತ್ತು, ಉಳೀತು, ಆದ್ರೆ ಆ ನಾಲ್ಕು ರಾತ್ರಿ ನಾನು ಮರ್ತಿಲ್ಲ.

ರೊಪ್ಪದ_ಹುಡುಗ
ಮೂರು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ, ಚಿತ್ರದುರ್ಗದಲ್ಲೇ ಇದ್ದೆ. ಭಾವಂದು ಡೆಂಗಿ ಅಂತಾನೇ ಬಂತು, ಮಂಗನ ಕಾಯಿಲೆದು ನೆಗೆಟಿವ್. ಡ್ರಿಪ್ ಹಾಕಿದಾರೆ, ಪ್ಲೇಟ್‌ಲೆಟ್ ಇವತ್ತು ಬೆಳಿಗ್ಗೆಯಿಂದ ಏರ್ತಿದೆ, ಗಂಜಿ ಕುಡಿದ್ರು.

ಅಕ್ಕಾ, ನೀವು ಹೇಳಿದ ರಾತ್ರೀನೇ ಟಾರ್ಚ್ ಬಿಟ್ಟು ನೋಡಿದೆ. ಬಚ್ಚಲ ಪಕ್ಕದ ನೀಲಿ ಡ್ರಮ್ಮಲ್ಲಿ ತುಂಬಿಕೊಂಡಿದ್ವು. ಎಂಟು ದಿನಕ್ಕೊಮ್ಮೆ ನೀರು ಬಿಡ್ತಾರೆ ಅಂತ ಅವ್ವ ಯಾವತ್ತೂ ಅದನ್ನ ಪೂರಾ ಖಾಲಿ ಮಾಡಿರ್ಲಿಲ್ಲ, ಗೋಡೆಗೆ ಕಪ್ಪಗೆ ಚುಕ್ಕೆ ಚುಕ್ಕೆ ಅಂಟಿತ್ತು. ಇಬ್ರೂ ಸೇರಿ ತಿಕ್ಕಿದ್ವಿ, ಪಕ್ಕದ ಮನೆಯವರೂ ಬಂದು ನೋಡಿ ಅವರದ್ದೂ ತೆಗೆದು ನೋಡಿದ್ರು, ಅಲ್ಲೂ ಇತ್ತು.

ವ್ಯಾಪಾರದವರಿಗೆ ಅಪ್ಪ ಇಲ್ಲ ಅಂದ್ರು. ಚಿಮುಟ ತಂದು ಕೊಟ್ಟಿದೀನಿ, ಕಣ್ಣಿಗೆ ಸರಿ ಕಾಣಲ್ಲ ಅಂತ ಕಿವಿ ನಾನು ಹಿಡ್ಕೋತೀನಿ, ಅಪ್ಪ ಕೀಳ್ತಾರೆ.