ಐದು ವಾರದ ನಾಯಿಮರಿಗೆ ಚಿಗಟ, ಏನು ಹಚ್ಚಬೇಕು?

ಪ್ರಶ್ನೆ (ಕಲಬುರಗಿ): ಮರಿ ತೂಕ 1.2 ಕೆಜಿ. ಹೊಟ್ಟಿ, ಬಾಲದ ಬುಡದಾಗ ಚಿಗಟ ಓಡಾಡ್ತಾವ, ಕೂದಲ ಸಂದಿನಾಗ ಕರಿ ಪುಡಿ ಅದ. ದೊಡ್ಡ ನಾಯಿ ಪೌಡರ್ ಹಾಕಬಹುದೇನ್ರಿ?

ಉತ್ತರ 1: ಬ್ಯಾಡ್ರಿ, ಮರಿ ಅದನ್ನ ನೆಕ್ಕಿ ನುಂಗ್ತದ. ಫಿಪ್ರೊನಿಲ್ ಅನ್ನೋ ಚಿಗಟದ ಮದ್ದಿನ ಹನಿನೂ 8 ವಾರ ಆಗೂತನಕ ಬ್ಯಾಡ. ತೊಗರಿಗೆ ಹೊಡೆಯೋ ಕೀಟನಾಶಕ ಎಣ್ಣಿ, ಸೀಮೆಎಣ್ಣಿ ಅಂತೂ ಮುಟ್ಟಿಸಲೇಬ್ಯಾಡ್ರಿ, ಜೀವಾನೇ ಹೋಗ್ತದ. ಉಗುರುಬೆಚ್ಚಗಿನ ನೀರು, ಸೌಮ್ಯ ಬೇಬಿ ಶಾಂಪೂ ಸಾಕು. ಮೊದಲ ಕುತ್ತಿಗಿ ಸುತ್ತ ನೊರಿ ಹಚ್ಚ್ರಿ. ಇಲ್ಲಾಂದ್ರ ನೀರು ಬೀಳತಲೇ ಚಿಗಟ ಕಣ್ಣು, ಕಿವಿ ಕಡೆ ಓಡ್ತಾವ. 5 ನಿಮಿಷದಾಗ ಮುಗಿಸಿ ಪೂರ್ತಿ ಒಣಗಿಸ್ರಿ, ಇಷ್ಟು ಸಣ್ಣ ಮರಿ ತಣ್ಣಗಾಗಬಾರದು. ಆಮ್ಯಾಲೆ ದಿನಾ ಸಣ್ಣ ಹಲ್ಲಿನ ಹಣಿಗಿಲೆ ಬಾಚಿ, ಸಿಕ್ಕಿದ್ದನ್ನ ಸೋಪಿನ ನೀರಾಗ ಅದ್ದ್ರಿ.

ಉತ್ತರ 2: ಕರಿ ಪುಡೀನ ಒದ್ದಿ ಮಾಡಿದ ಬಿಳಿ ಬಟ್ಟಿ ಮ್ಯಾಲೆ ಇಟ್ಟು ನೋಡ್ರಿ. ಕೆಂಪು ಬಿಟ್ರ ಅದು ಚಿಗಟದ ಹಿಕ್ಕಿ, ಅಂದ್ರ ಮರಿ ರಕ್ತಾನೇ. ತುಟಿ ಎತ್ತಿ ವಸಡು ನೋಡ್ರಿ, ಬೆಳ್ಳಗಿದ್ರ ಅವತ್ತೇ ಪಶು ಆಸ್ಪತ್ರಿಗೆ ಒಯ್ಯಿರಿ. ಚಿಗಟ ಸಾಯಿಸೋ ನಿಟೆನ್‌ಪಿರಾಮ್ ಗುಳಿಗಿ 4 ವಾರ, 1 ಕೆಜಿ ದಾಟಿದ ಮರಿಗೆ ನಡೀತದ, ಡಾಕ್ಟರ್ ಹೇಳಿದ್ರಷ್ಟೇ. ಚಿಗಟ ನುಂಗಿದ್ರ ಲಾಡಿಹುಳ ಆಗ್ತದ, ಅದಕ್ಕೂ ಮದ್ದು ಕೇಳ್ರಿ.

ಉತ್ತರ 3: ಚಿಗಟದ ತತ್ತಿ ಮೈಮ್ಯಾಲೆ ನಿಲ್ಲಂಗಿಲ್ಲ, ನೆಲಕ್ಕ ಉದುರ್ತಾವ. ಶಹಾಬಾದ್ ಕಲ್ಲಿನ ನೆಲ ಇದ್ರ ಸಂದಿನಾಗ ಚಿಗಟದ ಮರಿಹುಳ ಬೆಳೀತಾವ, ದಿನಾ ಕೆದರಿ ಗುಡಿಸ್ರಿ. ಗೋಣಿಚೀಲ ತೆಗೆದು ಹಳಿ ಸೀರಿ ಹಾಸ್ರಿ, ಅದನ್ನ 60 ಡಿಗ್ರಿ ನೀರಾಗ ಒಗೀರಿ. ಮರಿಹುಳ ಗೂಡು ಕಟ್ಟಿ ಕೋಶ ಆದ್ರ ಅದಕ್ಕ ಮದ್ದು ತಟ್ಟೋದು ಕಷ್ಟ, ಹಂಗಾಗಿ 3 ತಿಂಗಳು ಈ ಕೆಲಸ ಬಿಡಬ್ಯಾಡ್ರಿ. ತಾಯಿನಾಯಿಗೂ ಮದ್ದು ಆಗಬೇಕು. ಮನ್ಯಾಗ ಬೆಕ್ಕಿದ್ರ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರೋ ಚಿಗಟದ ಮದ್ದು ಹತ್ರಾನೂ ತರಬ್ಯಾಡ್ರಿ, ಬೆಕ್ಕಿಗೆ ಅದು ವಿಷ.