ಅಪ್‌ಡೇಟ್: ಮೊದಲು ಪದವಿಯೋ, ನೇರ ಸೇನಾ ಭರ್ತಿಯೋ?

ಅಮೆರಿಕದ ಸೇನೆಯ ಗ್ರೀನ್ ಬೆರೆ ಎಂಬ ವಿಶೇಷ ಪಡೆ ಸೇರಲು ಪದವಿ ಮುಗಿಸಿ ಅಧಿಕಾರಿಯಾಗಬೇಕೇ, ಈಗಲೇ ಸೈನಿಕನಾಗಿ ಭರ್ತಿಯಾಗಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಈ ಪಡೆಯ 12 ಜನರ ತಂಡವನ್ನು ಮುನ್ನಡೆಸುವ ಅಧಿಕಾರಿಯಾದ ಕ್ಯಾಪ್ಟನ್ ಸಾಮಾನ್ಯವಾಗಿ ಎರಡು ವರ್ಷಗಳ ಆಸುಪಾಸಿನಲ್ಲಿ ಬೇರೆ ಹುದ್ದೆಗೆ ಹೊರಳಬೇಕಾಗುತ್ತದೆ, ಆದರೆ ಸೈನಿಕರಾಗಿ ಭರ್ತಿಯಾಗಿ ಮೇಲೇರಿದ ಅದೇ ತಂಡದ ಸಾರ್ಜೆಂಟ್‌ಗಳು ಹಲವು ವರ್ಷ ಅಲ್ಲಿಯೇ ಉಳಿಯಬಲ್ಲರು ಎಂಬ ಸಂಗತಿಯೇ ನನ್ನ ಲೆಕ್ಕಾಚಾರವನ್ನು ಬದಲಿಸಿತು. ನನಗೆ ಬೇಕಿದ್ದುದು ಆ ಕೆಲಸವೇ ಹೊರತು ಅಧಿಕಾರವಲ್ಲ. ಆದ್ದರಿಂದ, ಪಡೆಯ ಆಯ್ಕೆ ಪರೀಕ್ಷೆಯಲ್ಲಿ ಸೋತರೆ ಸೇನೆ ತನಗೆ ಬೇಕಾದ ಕಡೆ ಕಳುಹಿಸುತ್ತದೆ ಎಂಬುದನ್ನು (ಭರ್ತಿ ಅಧಿಕಾರಿ ಇದನ್ನು ಮೆಲ್ಲಗೆ ಹೇಳಿದರು) ಒಪ್ಪಿಕೊಂಡೇ, ನಾಗರಿಕರಿಗೂ ಆ ಪರೀಕ್ಷೆಯ ಅವಕಾಶ ನೀಡುವ 18 ಎಕ್ಸ್ ಎಂಬ ಭರ್ತಿ ಒಪ್ಪಂದವನ್ನು ಆರಿಸಿದ್ದೇನೆ. ಕಾಲೇಜನ್ನು ಕೈಬಿಟ್ಟಿಲ್ಲ, ಅರ್ಹ ಸೇವೆಯ ನಂತರ ಸೇನೆಯಲ್ಲಿ ಸೇವೆ ಮಾಡಿದವರ ಓದಿಗೆ ನೆರವಾಗುವ ಕಾನೂನಾದ ಜಿಐ ಬಿಲ್‌ನಿಂದ 36 ತಿಂಗಳವರೆಗೆ ಶಿಕ್ಷಣ ನೆರವು ಸಿಗುತ್ತದೆ. ಭಾರ ಹೊತ್ತು ನಡೆಯುವ ಅಭ್ಯಾಸದಿಂದ ಮೊಣಕಾಲು ನೋಯುತ್ತಿರುವುದರಿಂದ ಸಹಿಯನ್ನು ಮಾತ್ರ ಒಂದು ತಿಂಗಳು ಮುಂದೂಡಿದ್ದೇನೆ.