‘ಕೊಮ್ಮೂನೆ’ಗೆ ಕನ್ನಡದಲ್ಲಿ ಏನನ್ನೋಣ? ಪುರಸಭೆ ಒಗ್ಗುತ್ತಿಲ್ಲ

ಗೆಳೆಯರೇ,

ನಾರ್ವೆಯ ಉಟ್‌ಸಿರಾ ದ್ವೀಪದ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ. ಉಟ್‌ಸಿರಾ ಒಂದು ‘ಕೊಮ್ಮೂನೆ’, ಅಂದರೆ ನಾರ್ವೆಯ ಸ್ಥಳೀಯ ಆಡಳಿತದ ಘಟಕ. ಇಂಗ್ಲಿಷಿನವರು ಮುನಿಸಿಪಾಲಿಟಿ ಅಂತಾರೆ, ಅದನ್ನು ಹಿಡಿದು ನಾವು ಪುರಸಭೆ ಅಂದುಬಿಡುತ್ತೇವೆ. ಆದರೆ ಅಲ್ಲಿ ಪುರ ಎಲ್ಲಿದೆ? ಸುಮಾರು 6 ಚದರ ಕಿಲೋಮೀಟರ್ ನೆಲ, 200ರ ಆಸುಪಾಸು ಜನ, ಒಂದು ದೀಪಸ್ತಂಭ. ಹತ್ತಿರದ ಪಟ್ಟಣ ಹೌಗೆಸುಂಡ್, ಅಲ್ಲಿಂದ ಹಡಗಿನಲ್ಲಿ ಒಂದು ಗಂಟೆಗೂ ಜಾಸ್ತಿ ದಾರಿ.

ಹಾಗಾದರೆ ಗ್ರಾಮ ಪಂಚಾಯಿತಿ ಅನ್ನೋಣ ಅಂದರೆ, ಏಳು ಲಕ್ಷ ಜನರ ಓಸ್ಲೋ ಕೂಡ ಕೊಮ್ಮೂನೆಯೇ! ರಾಜಧಾನಿಗೂ ಈ ಬಂಡೆಗೂ ಅವರಲ್ಲಿ ಒಂದೇ ಪದ. ಒಂದನ್ನು ಮಹಾನಗರ ಪಾಲಿಕೆ, ಇನ್ನೊಂದನ್ನು ಪಂಚಾಯಿತಿ ಅಂದರೆ ಓದಲು ಸಲೀಸು, ಆದರೆ ಮುಖ್ಯವಾದ ಸಂಗತಿಯೇ ಕಳೆದುಹೋಗುತ್ತದೆ ಅಲ್ವಾ? ಕೆಲಸವೂ ಬೇರೆ. ಶಾಲೆ ನಡೆಸುವುದು, ವಯಸ್ಸಾದವರನ್ನು ನೋಡಿಕೊಳ್ಳುವುದು, ಊರ ಡಾಕ್ಟರು, ನೀರು, ಎಲ್ಲ ಕೊಮ್ಮೂನೆಯ ತಲೆಮೇಲೆ. ಜನರ ಆದಾಯ ತೆರಿಗೆಯಲ್ಲೂ ಅದಕ್ಕೆ ಪಾಲಿದೆ. ನಮ್ಮ ಯಾವ ಪಂಚಾಯಿತಿಗಿದೆ ಹೇಳಿ.

ಇನ್ನೊಂದು ತೊಡಕು. ಕೊಮ್ಮೂನೆ ಅಂದರೆ ಆಡಳಿತವೂ ಹೌದು, ಆ ನೆಲವೂ ಹೌದು. ನಮ್ಮ ಪುರಸಭೆ ಸಭೆ ಮಾತ್ರ. ತಾಲ್ಲೂಕು ಅಂದರೆ ನೆಲ ಬರುತ್ತದೆ, ಆದರೆ ತಹಶೀಲ್ದಾರರೂ ಜೊತೆಗೆ ಬಂದು ಕೂರುತ್ತಾರೆ.

ಹಳೆಯ ಕಾಲದ ವಾಕ್ಯಗಳಿಗೆ ಇಷ್ಟು ಕಷ್ಟವಿಲ್ಲ. 1837ರ ಕಾಯ್ದೆಯಿಂದ ಈ ಸ್ಥಳೀಯ ಆಡಳಿತ ಶುರುವಾಯಿತು. ಆಗ ಹಳ್ಳಿಗಾಡಿನ ಕೊಮ್ಮೂನೆಗೆ ‘ಹೆರೆಡ್’ ಅಂತ ಬೇರೆ ಹೆಸರಿತ್ತು, ಪಟ್ಟಣಕ್ಕೆ ಬೇರೆ. 1992ರ ಕಾನೂನು ಆ ಭೇದವನ್ನು ತೆಗೆದುಹಾಕಿತು. ಉಟ್‌ಸಿರಾ ಮೊದಲು ಟೊರ್ವಾಸ್ಟಾಡ್ ಎಂಬ ಕೊಮ್ಮೂನೆಗೆ ಸೇರಿತ್ತು, 1924ರಲ್ಲಿ ಬೇರೆಯಾಯಿತು. ತಮಾಷೆ ಏನೆಂದರೆ ಟೊರ್ವಾಸ್ಟಾಡ್ 1965ರಲ್ಲಿ ಕಾರ್ಮೊಯ್ ಕೊಮ್ಮೂನೆಯಲ್ಲಿ ಕರಗಿಹೋಯಿತು, ಅದರಿಂದ ಸಿಡಿದ ಚೂರು ಇನ್ನೂ ಸ್ವತಂತ್ರವಾಗಿದೆ.

ಇನ್ನು ಅಲ್ಲಿನ ಮುಖ್ಯಸ್ಥರ ಹೆಸರು. ಅದನ್ನು ‘ಊರ್‌ಫೋರೆರ್’ ಅಂತ ಉಚ್ಚರಿಸುತ್ತಾರೆ. ‘ಊರ್’ ಕೇಳಿ ನನಗೆ ಒಂದು ಕ್ಷಣ ಖುಷಿಯಾಗಿತ್ತು, ಆದರೆ ಅವರಲ್ಲಿ ಅದು ‘ಮಾತು’. ಅಂದರೆ ಮಾತು ನಡೆಸುವವರು. ಮೇಯರ್ ಅಂದರೆ ನಮಗೆ ಬೆಂಗಳೂರೋ ಮೈಸೂರೋ ಕಣ್ಮುಂದೆ ಬರುತ್ತದೆ, ಅದಕ್ಕೇ ‘ಅಧ್ಯಕ್ಷೆ’ ಅಂತ ಬರೆದಿದ್ದೇನೆ. ಅಧ್ಯಕ್ಷೆ ಯಾಕೆಂದರೆ, 1925ರ ಚುನಾವಣೆಯಲ್ಲಿ ಇಲ್ಲಿನ 12 ಸ್ಥಾನಗಳಲ್ಲಿ 11 ಹೆಂಗಸರ ಪಾಲಾದವು. ಹಾಗೆ ಆಸಾ ಹೆಲ್ಗೆಸೆನ್ ಇಡೀ ನಾರ್ವೆಯಲ್ಲೇ ಈ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸಾದರು.

ಮೀನಿನ ವಿಷಯದಲ್ಲಿ ನಾನು ಆಗಲೇ ಹಟ ಹಿಡಿದಿದ್ದೇನೆ. ದ್ವೀಪದ ಹಳೆಯ ಬದುಕು ನಿಂತಿದ್ದು ಹೆರಿಂಗ್ ಮೇಲೆ. ಮಂಗಳೂರಿನ ಗೆಳೆಯರೊಬ್ಬರು ‘ಬೂತಾಯಿ ಅಂತ ಬರಿ ಮಾರಾಯ’ ಅಂದರು. ನೆಂಟರಿರಬಹುದು, ಆದರೆ ಅದೇ ಮೀನಲ್ಲ. ಹೆರಿಂಗ್ ಅಂತಲೇ ಇಡುತ್ತೇನೆ.

ಸದ್ಯಕ್ಕೆ ‘ಕೊಮ್ಮೂನೆ’ಯನ್ನೂ ಹಾಗೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟಿದ್ದೇನೆ. ‘ಕಮ್ಯೂನ್’ ಅಂದರೆ ಓದುಗರು ಕೆಂಬಾವುಟ ಹುಡುಕುತ್ತಾರೆ, ಅದಕ್ಕೇ ಆ ರೂಪ ಬೇಡವೆಂದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಹಾಗೆಯೇ ಇನ್ನೊಂದು: ಹೆಲ್ಗೆಸೆನ್ ಅವರ ವೃತ್ತಿ ಹೆರಿಗೆ ಮಾಡಿಸುವುದು. ಅವರನ್ನು ‘ಸೂಲಗಿತ್ತಿ’ ಅನ್ನಬಹುದೇ, ಅಥವಾ ಆ ಪದಕ್ಕೆ ನಮ್ಮ ಹಳ್ಳಿಯ ಅಜ್ಜಿಯ ಚಿತ್ರ ತೀರಾ ಅಂಟಿಕೊಂಡಿದೆಯೇ?